ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ತರುವಾಯ: ತಪ್ಪು ಕಲ್ಪನೆ ಮತ್ತು ಸತ್ಯ

ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಹಳೆಯ ಮನೆಗಳಲ್ಲಿ ಯಾರಿಗಾದರೂ ಆಪರೇಷನ್ ಆಯಿತೆಂದರೆ, ಮನೆಗೆ ಮರಳಿದ ರೋಗಿಯ ಸುತ್ತ ಬಂಧುಬಾಂಧವರ ಪ್ರೀತಿಯೂ ಅದರೊಡನೆ ಅವರವರ ಉಪದೇಶವೂ ಬಂದು ನೆರೆಯುವುದು ವಾಡಿಕೆ. ಆ ಪ್ರೀತಿ ಆದರಣೀಯವಾದದ್ದೇ. ಆದರೆ ಜಠರವನ್ನು ಕಿರಿದುಗೊಳಿಸಿ ತೂಕ ಇಳಿಸುವ ಚಿಕಿತ್ಸೆಗೆ ಒಳಗಾದವರ ವಿಷಯದಲ್ಲಿ, ಅನ್ಯ ಕಾಯಿಲೆಗಳಲ್ಲಿ ಹಿತವೆನಿಸಿದ ಉಪಚಾರವೇ ಅಹಿತವಾಗಿ ಪರಿಣಮಿಸುವ ಸಂಭವವಿರುವುದರಿಂದ, ನಿಜಸ್ಥಿತಿಯನ್ನು ರೋಗಿಯಷ್ಟೇ ಮನೆಯವರೂ ಅರಿತಿರುವುದು ಅವಶ್ಯ.

ತಪ್ಪು ಕಲ್ಪನೆ: ಇದು ಮೈಯ ಕೊಬ್ಬನ್ನು ಹೀರಿ ತೆಗೆಯುವ ಚಿಕಿತ್ಸೆ.

ಸತ್ಯ: 2022ರ ಮೇ ತಿಂಗಳಲ್ಲಿ ಕಿರುತೆರೆಯ ನಟಿ ಚೇತನಾ ರಾಜ್ ಅವರು ಕೊಬ್ಬು ತೆಗೆಸುವ ಸೌಂದರ್ಯ ಶಸ್ತ್ರಚಿಕಿತ್ಸೆಯ ಬೆನ್ನಲ್ಲೇ ಬೆಂಗಳೂರಿನಲ್ಲಿ ತೀರಿಕೊಂಡ ದುಃಖವಾರ್ತೆಯನ್ನು ನೆನೆದು, ಇದಕ್ಕೂ ಅಂಜುವವರುಂಟು. ಇವೆರಡೂ ಬೇರೆ ಬೇರೆ. ‘ಸ್ಲೀವ್’ ಎಂಬ ವಿಧಾನದಲ್ಲಿ ಜಠರದ ಸುಮಾರು ಮುಕ್ಕಾಲು ಭಾಗವನ್ನು ತೆಗೆಯುವರು. ಹಸಿವನ್ನು ಪ್ರಚೋದಿಸುವ ಗ್ರೆಲಿನ್ ಎಂಬ ಹಾರ್ಮೋನು ಬಹುಪಾಲು ಅಲ್ಲಿಯೇ ಉತ್ಪನ್ನವಾಗುವುದರಿಂದ ಹಸಿವೂ ತಗ್ಗುವುದು. ಆದರೂ ಅಪಾಯವೇ ಇಲ್ಲವೆಂದಲ್ಲ: ಜ್ವರ, ಎದೆಬಡಿತದ ವೇಗ, ನಿಲ್ಲದ ವಾಂತಿ, ತೀವ್ರವಾದ ಹೊಟ್ಟೆನೋವು, ಉಸಿರಾಟದ ಕಷ್ಟ, ಮೀನಖಂಡದ ಬಾವು – ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಧಾವಿಸತಕ್ಕದ್ದು.

ತಪ್ಪು ಕಲ್ಪನೆ: ತಿಂಗಳುಗಟ್ಟಲೆ ಹಾಸಿಗೆ ಹಿಡಿದಿರಬೇಕು.

ಸತ್ಯ: ಅಲುಗಾಡದೆ ಮಲಗಿದರೆ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶವನ್ನು ಸೇರುವ ಭಯವಿರುವ ಕಾರಣ, ಸಾಮಾನ್ಯವಾಗಿ ಅದೇ ದಿನವೋ ಮರುದಿನವೋ ರೋಗಿಯನ್ನು ನಡೆಸುವರು. ಮೊದಲು ಮನೆಯ ಹಜಾರ, ಕ್ರಮೇಣ ಕೃಷ್ಣರಾವ್ ಪಾರ್ಕೋ ಸ್ಯಾಂಕಿ ಕೆರೆಯ ದಂಡೆಯೋ ಆಗಬಹುದು. ತುಂಬಿದ ಬಿಂದಿಗೆ, ಗ್ಯಾಸ್ ಸಿಲಿಂಡರುಗಳನ್ನು ಮಾತ್ರ ವೈದ್ಯರು ಒಪ್ಪುವವರೆಗೆ ಎತ್ತಕೂಡದು.

ತಪ್ಪು ಕಲ್ಪನೆ: ಗಂಜಿ, ತಿಳಿಸಾರುಗಳಿದ್ದರೆ ಸಾಕು.

ಸತ್ಯ: ಮೊದಲ ಕೆಲವು ದಿನ ಸೋಸಿದ ತಿಳಿದ್ರವ, ಅನಂತರ ಹಾಲು ಮಜ್ಜಿಗೆಗಳು, ಬಳಿಕ ನುಣ್ಣಗೆ ಅರೆದ ಆಹಾರ, ತದನಂತರ ಮೆತ್ತನೆಯ ಊಟ, ಹೀಗೆ ಮಾಮೂಲು ಆಹಾರಕ್ಕೆ ಮರಳಲು ಆರೆಂಟು ವಾರಗಳು ಹಿಡಿಯುತ್ತವೆ. ಕ್ರಮೇಣ ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನು ದೊರೆಯಬೇಕು. ಅಕ್ಕಿಗಂಜಿಯಲ್ಲಿ ಅದು ಅತ್ಯಲ್ಪ, 200 ಮಿಲಿಲೀಟರ್ ಹಾಲಿನಲ್ಲಿಯೂ ಆರೇಳು ಗ್ರಾಮಿಗಿಂತ ಹೆಚ್ಚಿಲ್ಲ. ಆದುದರಿಂದ ಸಸ್ಯಾಹಾರಿಗಳ ಮನೆಯಲ್ಲಿ ಹೆಸರುಬೇಳೆಯ ತೊವ್ವೆ, ಮೊಸರು, ಪನೀರುಗಳ ಜೊತೆಗೆ ವೈದ್ಯರು ಸೂಚಿಸಿದ ಪ್ರೋಟೀನ್ ಪುಡಿಯೂ ಬೇಕಾಗುವುದು.

ತಪ್ಪು ಕಲ್ಪನೆ: ತಿನ್ನುವುದು ಕಡಿಮೆಯಾದರಾಯಿತು, ಹೇಗೆ ತಿಂದರೇನು?

ಸತ್ಯ: ಗಾಂಧಿಬಜಾರಿನಲ್ಲಿ 1943ರಿಂದ ನಡೆದುಬಂದಿರುವ ವಿದ್ಯಾರ್ಥಿ ಭವನದಲ್ಲಿ ದೋಸೆಯ ಬೆನ್ನಿಗೇ ಕಾಫಿ ಹೀರುವ ಸುಖ ನಮ್ಮವರಿಗೆ ರಕ್ತಗತ, ಆದರೆ ಕಿರಿದಾದ ಜಠರದಲ್ಲಿ ಘನಕ್ಕೂ ದ್ರವಕ್ಕೂ ಒಮ್ಮೆಲೇ ಎಡೆಯಿಲ್ಲವಾಗಿ, ಊಟವಾಗಿ ಅರ್ಧ ಗಂಟೆಯಾದ ಮೇಲೆಯೇ ಕುಡಿಯತಕ್ಕದ್ದು. ಪಾಯಸ, ಹೋಳಿಗೆಗಳ ಸಕ್ಕರೆಯು, ವಿಶೇಷತಃ ಜಠರದ ‘ಬೈಪಾಸ್’ ಶಸ್ತ್ರಚಿಕಿತ್ಸೆ ಆದವರಲ್ಲಿ, ಶೀಘ್ರವಾಗಿ ಕರುಳಿಗಿಳಿದು ಬೆವರು, ತಲೆಸುತ್ತು, ಎದೆಬಡಿತ, ಭೇದಿಗಳನ್ನು ಉಂಟುಮಾಡಬಲ್ಲದು.

ತಪ್ಪು ಕಲ್ಪನೆ: ಕೂದಲು ಉದುರಿದರೆ ಚಿಕಿತ್ಸೆ ಕೆಟ್ಟಿತು, ತೂಕ ಇಳಿದರೆ ಮಾತ್ರೆ ಬೇಡ.

ಸತ್ಯ: ಮೂರರಿಂದ ಆರನೆಯ ತಿಂಗಳ ನಡುವೆ ಕೂದಲು ಉದುರುವುದು ಸಾಮಾನ್ಯ, ಪೋಷಣೆ ಸರಿಯಿದ್ದರೆ ಬಹುಮಟ್ಟಿಗೆ ಮತ್ತೆ ಬೆಳೆಯುವುದು. ಬಿ12 ಮತ್ತು ಡಿ ಜೀವಸತ್ವ, ಕಬ್ಬಿಣ, ಕ್ಯಾಲ್ಸಿಯಂಗಳ ಸೇವನೆಯಾದರೋ ಆಜೀವಪರ್ಯಂತದ್ದು. ಸಕ್ಕರೆ ಕಾಯಿಲೆಯ ಮಾತ್ರೆಗಳ ಪ್ರಮಾಣ ಬೇಗನೆ ತಗ್ಗಬಹುದಾದರೂ, ಅದನ್ನು ವೈದ್ಯರೇ ನಿರ್ಧರಿಸಬೇಕು. ಪೋಷಣೆಯ ದೃಷ್ಟಿಯಿಂದ ಗರ್ಭಧಾರಣೆಯನ್ನೂ ಶಸ್ತ್ರಚಿಕಿತ್ಸೆಯ ತರುವಾಯ 12ರಿಂದ 18 ತಿಂಗಳು ಮುಂದೂಡುವುದು ಕ್ಷೇಮ.

ತಪ್ಪು ಕಲ್ಪನೆ: ಒಮ್ಮೆ ಇಳಿದ ತೂಕ ಮರಳಿ ಬಾರದು.

ಸತ್ಯ: ನಡುನಡುವೆ ಕೆಲವು ವಾರ ತೂಕ ನಿಂತಂತೆ ತೋರುವುದು ಸ್ವಾಭಾವಿಕ, ಅದರಿಂದ ಎದೆಗುಂದಬೇಕಿಲ್ಲ. ಆದರೆ ಪಥ್ಯವನ್ನೂ ನಡಿಗೆಯನ್ನೂ ತಪಾಸಣೆಯನ್ನೂ ಬಿಟ್ಟವರಿಗೆ ಕೆಲವು ವರ್ಷಗಳಲ್ಲಿ ತೂಕ ಮರಳುವ ಸಾಧ್ಯತೆ ಹೆಚ್ಚು.

ಎಲೆಯ ಮುಂದೆ ಕುಳಿತವರಿಗೆ ಇನ್ನೊಂದು ಸೌಟು ಬಡಿಸುವುದೇ ನಮ್ಮಲ್ಲಿ ಆದರದ ಲಕ್ಷಣ. ಇಂಥ ರೋಗಿಯ ವಿಷಯದಲ್ಲಿ ಮಾತ್ರ, ಒತ್ತಾಯವನ್ನು ಬಿಟ್ಟು, ಆತನು ನಿಧಾನವಾಗಿ ಅಗಿದು ಸಾಕೆಂದಾಗ ಸಾಕೆಂದು ಒಪ್ಪಿಕೊಳ್ಳುವ ಮನೆಯವರೇ ನಿಜವಾದ ಉಪಚಾರಕರು.