ಬಂಡೆಯ ಮೇಲೆ ಬರೆದಿಟ್ಟ ಒಂದು ಲೆಕ್ಕ

ವ್ಯಾಪಾರ ಕುಸಿದ ವರ್ಷ ನಮ್ಮ ಮನೆಗಳಲ್ಲಿ ಮೊದಲು ಕತ್ತರಿ ಬೀಳುವುದು ಯಾವ ಖರ್ಚಿಗೆ? ಅಂಗಡಿ ಬಾಡಿಗೆ ನಿಲ್ಲಿಸುವಂತಿಲ್ಲ, ಗುಮಾಸ್ತರ ಸಂಬಳ ತಡೆಯುವಂತಿಲ್ಲ, ಮಕ್ಕಳ ಶಾಲೆಯ ಶುಲ್ಕವಂತೂ ಕಟ್ಟಲೇಬೇಕು. ಉಳಿಯುವುದು ಬಸದಿಯ ಅಭಿಷೇಕದ ವಂತಿಗೆ, ಮುನಿಗಳ ಆಹಾರದಾನ, ನೋಂಪಿಯ ಉದ್ಯಾಪನೆ. “ಈ ವರ್ಷ ಬೇಡ, ಕಾಲ ಸುಧಾರಿಸಲಿ” ಎಂದು ಹಿರಿಯರೇ ಹೇಳಿಬಿಡುತ್ತಾರೆ. 2020ರಲ್ಲಿ ಅಂಗಡಿಯ ಬಾಗಿಲು ಹಾಕಿಕೊಂಡು ಕುಳಿತಿದ್ದಾಗ ಈ ಮಾತನ್ನು ನಾವೂ ಆಡಿದ್ದೇವೆ. ಆದ್ದರಿಂದ ಯಾರನ್ನೂ ಆಕ್ಷೇಪಿಸಲು ಇದನ್ನು ಬರೆಯುತ್ತಿಲ್ಲ. ತಮಿಳುನಾಡಿನ ಒಂದು ಬೆಟ್ಟದ ಬಂಡೆಯ ಮೇಲೆ ಇದಕ್ಕೆ ತದ್ವಿರುದ್ಧವಾದ ಲೆಕ್ಕವೊಂದು ಬರೆದಿದೆ. ಲೆಕ್ಕ ಬಲ್ಲ ನಮ್ಮವರು ಅದನ್ನೊಮ್ಮೆ ನೋಡಬೇಕೆಂದು ನಮ್ಮ ಆಸೆ.

ಬೆಟ್ಟದ ಹೆಸರು ಐವರ್ ಮಲೈ. ದಿಂಡಿಗಲ್ ಜಿಲ್ಲೆಯ ಪಳನಿ ತಾಲ್ಲೂಕಿನಲ್ಲಿ, ಪಾಪ್ಪಂಪಟ್ಟಿಯ ಬಳಿ ಇದೆ. ಹಿಂದೆ ಇದನ್ನು ತಿರುವಯಿರೈ ಎನ್ನುತ್ತಿದ್ದರು. ಇಲ್ಲಿನ ಗುಹೆಯ ಮೇಲ್ಭಾಗದ ಬಂಡೆಯಲ್ಲಿ 16 ತೀರ್ಥಂಕರ ಬಿಂಬಗಳನ್ನು ಸಾಲಾಗಿ ಕಡೆದಿದ್ದಾರೆ. ಅಲ್ಲಿಯ ಶಾಸನದ ಕಾಲ ಶಕವರ್ಷ 792, ಎಂದರೆ ಕ್ರಿ.ಶ. 870, ಪಾಂಡ್ಯ ರಾಜ ಎರಡನೆಯ ವರಗುಣನ ಎಂಟನೆಯ ವರ್ಷ. ಗುಣವೀರ ಕುರವಡಿಗಳ ಶಿಷ್ಯರಾದ ಶಾಂತಿವೀರ ಕುರವರು ಇಲ್ಲಿಯ ಪಾರ್ಶ್ವ ಭಟಾರರನ್ನೂ ಯಕ್ಷಿಯರನ್ನೂ ಪುನಃ ಹೊಸದು ಮಾಡಿದರು. ನೈವೇದ್ಯ ಒಂದು ದಿನವೂ ತಪ್ಪದಿರಲಿ, ಒಬ್ಬ ಅಡಿಗಳಿಗೆ ಅನ್ನ ದೊರೆಯುತ್ತಿರಲಿ ಎಂದು 505 ಕಾಣಂ ಹೊನ್ನನ್ನು ಇಟ್ಟರು. ಶಾಸನದಲ್ಲಿರುವುದು ಇಷ್ಟೇ. (ವರಗುಣನು ಪಟ್ಟಕ್ಕೆ ಬಂದದ್ದು 862ರಲ್ಲಿ ಎಂದು ಇತಿಹಾಸಕಾರರು ಲೆಕ್ಕ ಹಾಕಿದ್ದು ಇದೇ ಶಾಸನದಿಂದ. ಒಬ್ಬ ಮುನಿಯ ಅನ್ನದ ಲೆಕ್ಕ ರಾಜನ ಕಾಲನಿರ್ಣಯಕ್ಕೆ ಆಧಾರವಾಯಿತು!)

505 ಎಂಬ ಸಂಖ್ಯೆಯನ್ನು ಗಮನಿಸಬೇಕು. ಐನೂರು ಎಂದು ಮುಗಿಸಿಲ್ಲ. ದಿನಕ್ಕೆ ಎಷ್ಟು ಅಕ್ಕಿ, ಎಷ್ಟು ತುಪ್ಪ ಎಂದು ಯಾರೋ ಕುಳಿತು ಲೆಕ್ಕ ಹಾಕಿರಬೇಕು, ಐದು ಕಾಣಂ ಕಡಿಮೆ ಬಿದ್ದಿರಬೇಕು, ಅದನ್ನೂ ಸೇರಿಸಿರಬೇಕು. ಇದು ನಮ್ಮ ಊಹೆ. ಆದರೆ ರೋಕಡ ಪುಸ್ತಕ ಬರೆದು ಅಭ್ಯಾಸವಿದ್ದ ಯಾರಿಗಾದರೂ ಇದೇ ಊಹೆ ಹೊಳೆದೀತು.

ಅದೇನು ಜೈನರಿಗೆ ಸುಭಿಕ್ಷದ ಕಾಲವಾಗಿರಲಿಲ್ಲ. ಏಳನೆಯ ಶತಮಾನದಲ್ಲಿ ಸಂಬಂಧರ್ ಮಧುರೆಗೆ ಬಂದು ಪಾಂಡ್ಯ ರಾಜನನ್ನು ಶೈವನನ್ನಾಗಿ ಮಾಡಿದರೆಂದೂ, ವಾದದಲ್ಲಿ ಸೋತ ಎಂಟು ಸಾವಿರ ಶ್ರಮಣರನ್ನು ಶೂಲಕ್ಕೇರಿಸಿದರೆಂದೂ ತಮಿಳು ಶೈವ ಪರಂಪರೆ ಹೇಳುತ್ತದೆ. ಅದಕ್ಕೆ ಆ ಕಾಲದ ಶಾಸನದ ಆಧಾರವಿಲ್ಲ. ನಡೆದದ್ದು ಏನೇ ಇರಲಿ, ಅರಮನೆಯ ಒಲವು ನಮ್ಮವರಿಂದ ಜಾರಿತ್ತು. “ಹೊಸದು ಮಾಡಿದರು” ಎಂಬ ಶಾಸನದ ಮಾತಿನಲ್ಲೇ, ನಡುವೆ ಬಿಂಬಗಳು ಜೀರ್ಣವಾಗಿದ್ದುವೆಂಬ ಸಂಗತಿ ಅಡಗಿದೆ. ಅಂಥ ಕಾಲದಲ್ಲಿ ಶಾಂತಿವೀರರು ದೊಡ್ಡ ಬಸದಿ ಕಟ್ಟಿಸಲಿಲ್ಲ. ಇದ್ದ ಬಿಂಬವನ್ನು ಸರಿಮಾಡಿದರು, ಒಬ್ಬರ ಊಟಕ್ಕೆ ಏರ್ಪಾಡು ಮಾಡಿದರು.

ಈಗ ಆ ಬೆಟ್ಟದ ಸುತ್ತಲಿನವರನ್ನು ಕೇಳಿದರೆ, ವನವಾಸದಲ್ಲಿ ಪಾಂಡವರು ಐವರೂ ಇಲ್ಲಿ ತಂಗಿದ್ದರು, ಅದಕ್ಕೇ ಐವರ್ ಮಲೈ ಎನ್ನುತ್ತಾರೆ. ಗುಹೆಯಲ್ಲಿ ದ್ರೌಪದಿಗೆ ಪೂಜೆ ನಡೆಯುತ್ತದೆ. ನಮ್ಮ ಹರಿವಂಶದ ಕಥೆಯಲ್ಲೂ ಪಾಂಡವರು ಕೊನೆಗೆ ದೀಕ್ಷೆ ಪಡೆದು ಶತ್ರುಂಜಯದಲ್ಲಿ ತಪಸ್ಸು ಮಾಡಿದವರೇ. ಮನೆ ಕಳೆದುಕೊಂಡವರ ಕಥೆ ಆ ಬೆಟ್ಟಕ್ಕೆ ಅಂಟಿಕೊಂಡದ್ದು ನಮಗೆ ವಿಚಿತ್ರವೆನಿಸುವುದಿಲ್ಲ. ಶ್ರಾವಕರು ಇಲ್ಲವಾದ ಮೇಲೂ ದೀಪ ಹಚ್ಚುವವರು ಆ ಬೆಟ್ಟವನ್ನು ಬಿಡಲಿಲ್ಲ.

ತೇಣಿ ಜಿಲ್ಲೆಯ ಕಂಬಂ ಕಣಿವೆಯಲ್ಲೂ ಹೀಗೇ ಆಗಿದೆ. ಉತ್ತಮಪಾಳ್ಯದ ಬಂಡೆಯೊಂದರ ಮೇಲೆ ತೀರ್ಥಂಕರರ ಸಾಲು, ವಟ್ಟೆಳುತ್ತು ಲಿಪಿಯ ಶಾಸನಗಳು. ಕೆಳಗೆ ಕರುಪ್ಪಣ್ಣಸ್ವಾಮಿಯ ಗುಡಿ. ಜನ ಬರುವುದು ಕರುಪ್ಪಣ್ಣನಿಗಾಗಿ. ಅಲ್ಲಿನ ಶಾಸನಗಳಲ್ಲಿ ಅಜ್ಜಣಂದಿ ಎಂಬ ಮುನಿಗಳ ಹೆಸರಿದೆ. ಮಧುರೆಯ ಸುತ್ತಲಿನ ಆನೈಮಲೈ, ಅಳಗರ್ ಮಲೈ, ಕೊಂಗರ್ ಪುಳಿಯಂಕುಳಂ, ಹೀಗೆ ಬೆಟ್ಟದಿಂದ ಬೆಟ್ಟಕ್ಕೆ ಹೋಗಿ ಬಿಂಬಗಳನ್ನು ಮಾಡಿಸಿದವರು ಇವರೇ. ಶಮಣರ್ ಮಲೈಯಲ್ಲಿ ಒಂದು ಬಿಂಬವನ್ನು ಅವರ ತಾಯಿ ಗುಣಮತಿಯಾರ್ ಮಾಡಿಸಿದ್ದಾರೆ. ಮನೆ ಬಿಟ್ಟು ಹೋದ ಮಗನ ಕೆಲಸಕ್ಕೆ ತಾಯಿ ಕೈಜೋಡಿಸಿದ ಈ ಸಂಗತಿಯನ್ನು ಓದಿದಾಗ ನಮಗೆ ಸ್ವಲ್ಪ ಹೊತ್ತು ಬೇರೇನೂ ತೋಚಲಿಲ್ಲ.

ಅದೇ ಶಮಣರ್ ಮಲೈಯ ನೆತ್ತಿಯಲ್ಲಿ ಕನ್ನಡ ಶಾಸನವೊಂದಿದೆ ಎಂದರೆ ಓದುಗರು ಹಿಗ್ಗಬಹುದು. ಆರ್ಯದೇವ, ಬಾಲಚಂದ್ರದೇವ ಮುಂತಾದ ಮುನಿಗಳ ಹೆಸರು, ಜೊತೆಗೆ ನಮ್ಮ ಬೆಳ್ಗುಳದ ಹೆಸರು ಅದರಲ್ಲಿವೆ. ಹನ್ನೆರಡು ವರ್ಷದ ಕ್ಷಾಮಕ್ಕೆ ಹೆದರದೆ ಭದ್ರಬಾಹು ಮುನಿಗಳು ಸಂಘವನ್ನು ದಕ್ಷಿಣಕ್ಕೆ ಕರೆತಂದರು, ಬೆಳ್ಗುಳದಿಂದ ವಿಶಾಖಾಚಾರ್ಯರು ಚೋಳ ಪಾಂಡ್ಯ ನಾಡುಗಳಿಗೆ ಮುಂದುವರಿದರು ಎಂಬುದು ಮನೆಮನೆಯ ಕಥೆ. ಹಸಿವಿನಿಂದ ಹೊರಟ ದಾರಿಯೇ ಧರ್ಮದ ದಾರಿಯೂ ಆಯಿತೆಂದು ನಮ್ಮ ಹಿರಿಯರು ಆ ಕಥೆಯನ್ನು ಹೇಳಿಕೊಂಡು ಬಂದರು.

ಕನ್ನಡನಾಡಿನಲ್ಲಿ ಇಂಥದೇ ಕೆಲಸ ಮಾಡಿದವರು ದಾನಚಿಂತಾಮಣಿ ಅತ್ತಿಮಬ್ಬೆ. ಗಂಡ ನಾಗದೇವ ಯುದ್ಧದಲ್ಲಿ ಮಡಿದಾಗ ಸವತಿಯೂ ಆಗಿದ್ದ ತಂಗಿ ಗುಂಡಮಬ್ಬೆ ಸಹಗಮನ ಮಾಡಿದಳು. ಅತ್ತಿಮಬ್ಬೆ ಉಳಿದು ಮಗನನ್ನು ಬೆಳೆಸಿದಳು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ರನ್ನನಿಂದ 993ರಲ್ಲಿ ಅಜಿತಪುರಾಣ ಬರೆಯಿಸಿದಳು. ಸಾವಿರ ಪ್ರತಿ ಎಂದರೆ ಎಷ್ಟು ಓಲೆ, ಎಷ್ಟು ಲಿಪಿಕಾರರು, ಎಷ್ಟು ಜನರಿಗೆ ಅನ್ನ! ದುಃಖವನ್ನು ಅವಳು ಕೆಲಸಕ್ಕೆ ಹಚ್ಚಿದಳು.

2020ರ ದಶಲಕ್ಷಣ ಪರ್ವ ನೆನಪಿರಬಹುದು. ಬಸದಿಗೆ ಹೋಗುವಂತಿರಲಿಲ್ಲ. ಮಣೆಯ ಮೇಲೆ ಬಿಳಿ ಬಟ್ಟೆ ಹಾಸಿ, ಅಕ್ಷತೆಯಿಂದ ಸ್ವಸ್ತಿಕ ಬರೆದು, ಬಾಯಿಪಾಠವಿದ್ದಷ್ಟು ಪೂಜೆ ಮಾಡಿದೆವು. ತಪ್ಪಿದಲ್ಲಿ ಅಜ್ಜಿಯಂದಿರು ತಿದ್ದಿದರು. ಬಸದಿಯ ಧ್ವನಿವರ್ಧಕದಲ್ಲಿ ಎಂದೂ ಕಿವಿಗೆ ಬೀಳದಿದ್ದ ಪದಗಳು ಮಕ್ಕಳಿಗೆ ಆ ಹತ್ತು ದಿನಗಳಲ್ಲಿ ಬಂದುವು.

ಏಲಕ್ಕಿ ಖರೀದಿಗೆಂದು ಬೋಡಿನಾಯಕ್ಕನೂರಿಗೆ ಹೋಗುವ ನಮ್ಮವರು ಒಂದು ದಿನ ಹೆಚ್ಚಿಗೆ ಇಟ್ಟುಕೊಂಡರೆ ಉತ್ತಮಪಾಳ್ಯವನ್ನು ನೋಡಿಬರಬಹುದು. ತೇಣಿಯಿಂದ ಕಂಬಂ ಕಡೆಗೆ ಹೋಗುವ ದಾರಿಯಲ್ಲೇ ಇದೆ. ಕಣಿವೆಯಲ್ಲಿ ಮನೆಮಾತು ಕನ್ನಡವಾಗಿರುವ ಒಕ್ಕಲು ಕುಟುಂಬಗಳು ತಲೆಮಾರುಗಳಿಂದ ಇವೆ. ದಾರಿ ಕೇಳಿದರೆ ಉತ್ತರ ಕನ್ನಡದಲ್ಲೇ ಬಂದರೂ ಬಂದೀತು. ಸೂರ್ಯಾಸ್ತಕ್ಕೆ ಮುಂಚಿನ ಊಟಕ್ಕೆ ಬುತ್ತಿ ಕಟ್ಟಿಕೊಂಡು ಹೋಗುವುದು ಲೇಸು. ಕರುಪ್ಪಣ್ಣನ ಗುಡಿಯಲ್ಲಿ ಚಪ್ಪಲಿ ಬಿಡಿ. ಬಿಂಬಗಳಿಗೆ ಎಣ್ಣೆ, ಅರಿಶಿನ ಹಚ್ಚಬೇಡಿ. ಪಕ್ಕದಲ್ಲಿರುವ ಅಕ್ಷರಗಳು ಈಗಾಗಲೇ ಬಹಳ ಸವೆದಿವೆ.