ತವರು ಕಾಣದ ಗೌರಮ್ಮ

ಭಾದ್ರಪದ ಶುದ್ಧ ತದಿಗೆ ಬಂದಿತೆಂದರೆ ತುಮಕೂರಿನಲ್ಲಿಯೂ ಗುಬ್ಬಿ, ಕುಣಿಗಲ್ಲುಗಳಲ್ಲಿಯೂ ಮನೆಮನೆಗೆ ಗೌರಿ ಬರುತ್ತಾಳೆ. ಅದು ಆಕೆ ತವರಿಗೆ ಬರುವ ದಿನವೆಂಬುದು ನಮ್ಮ ಹೆಣ್ಣುಮಕ್ಕಳ ನಂಬಿಕೆ. ಅದೇ ಹೆಸರಿನ ಒಬ್ಬ ರಾಜಕುಮಾರಿ ಕನ್ನಡ ನಾಡಿನ ಅರಸುಮನೆತನದಲ್ಲಿ ಹುಟ್ಟಿಯೂ ದೂರದ ಲಂಡನ್ನಿನಲ್ಲಿ ಸಮಾಧಿಯಾದಳು. ಆಗ ಆಕೆಯ ವಯಸ್ಸು ಇಪ್ಪತ್ತೆರಡು.

‘ಕೊಡಗಿನ ಗೌರಮ್ಮ’ ಎಂದೊಡನೆ ನಿಮಗೆ 1939ರಲ್ಲಿ ಎಳೆಯ ವಯಸ್ಸಿನಲ್ಲಿಯೇ ತೀರಿಕೊಂಡ ಕತೆಗಾರ್ತಿಯ ನೆನಪಾಗುವುದು ಸಹಜ. ಮಾಸ್ತಿಯವರ ‘ಚಿಕವೀರ ರಾಜೇಂದ್ರ’ವನ್ನು ಓದಿದವರಿಗೆ ಅದರಲ್ಲಿನ ರಾಣಿ ಗೌರಮ್ಮ ನೆನಪಾದಾರು. ಈಕೆ ಅವರಿಬ್ಬರೂ ಅಲ್ಲ, ಚಿಕ್ಕವೀರರಾಜೇಂದ್ರನ ಮಗಳು.

ಕೊಡಗನ್ನಾಳಿದ ಹಾಲೇರಿ ವಂಶದವರು ವೀರಶೈವರು; ಅವರ ಆಸ್ಥಾನದ ಭಾಷೆ ಕನ್ನಡ. ದೊಡ್ಡವೀರರಾಜೇಂದ್ರನ ಕಾಲದ ‘ರಾಜೇಂದ್ರನಾಮೆ’ ಕನ್ನಡದಲ್ಲಿಯೇ ರಚಿತವಾದುದು. 1834ರಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು ಚಿಕ್ಕವೀರರಾಜೇಂದ್ರನನ್ನು ಪಟ್ಟದಿಂದಿಳಿಸಿ, ಮಡಿಕೇರಿಯಿಂದ ಹೊರಡಿಸಿ, ಮೊದಲು ವೆಲ್ಲೂರಿಗೂ ಬಳಿಕ ಕಾಶಿಗೂ ಕಳುಹಿಸಿದರು. ಅರಸನು ಕ್ರೂರಿಯೆಂದು ಅವರು ಕೊಟ್ಟ ಕಾರಣದಲ್ಲಿ ಎಷ್ಟು ನಿಜ, ಎಷ್ಟು ನೆಪ ಎಂಬ ವಾದ ಇಂದಿಗೂ ಮುಗಿದಿಲ್ಲ. ಅದು ಇಲ್ಲಿ ಬೇಡ. ಗೌರಮ್ಮ ಹುಟ್ಟಿದ್ದು 1841ರಲ್ಲಿ, ಕಾಶಿಯಲ್ಲಿ. ಆಕೆ ಕಣ್ಣು ಬಿಡುವ ವೇಳೆಗೆ ಕೊಡಗು ಕೈಬಿಟ್ಟು ಏಳು ವರ್ಷಗಳಾಗಿದ್ದವು. ಕಾವೇರಿಯ ಮೂಲದ ನಾಡಿನ ರಾಜಕುಮಾರಿ ಬೆಳೆದುದು ಗಂಗೆಯ ದಂಡೆಯಲ್ಲಿ.

1852ರಲ್ಲಿ ಅರಸನು ಹನ್ನೊಂದರ ಈ ಮಗಳನ್ನು ಕರೆದುಕೊಂಡು ಇಂಗ್ಲೆಂಡಿಗೆ ಹಡಗು ಹತ್ತಿದನು. ಕಂಪನಿಯ ಸಾಲಪತ್ರಗಳಲ್ಲಿ ತೊಡಗಿಸಿದ್ದ ತನ್ನ ಮನೆತನದ ಹಣವನ್ನು ಹಿಂದಕ್ಕೆ ಪಡೆಯುವುದು ಅವನ ಉದ್ದೇಶ. ಮಗಳನ್ನು ಕ್ರೈಸ್ತಮತಕ್ಕೆ ಒಪ್ಪಿಸಿದರೆ ರಾಣಿಯ ಕೃಪೆ ದೊರೆತು ವ್ಯಾಜ್ಯಕ್ಕೆ ಬಲ ಬಂದೀತೆಂಬ ಎಣಿಕೆಯೂ ಅವನಿಗಿತ್ತೆಂದು ಇತಿಹಾಸಕಾರರು ಹೇಳುತ್ತಾರೆ. ಅದೇ ವರ್ಷ ಆಕೆಗೆ ದೀಕ್ಷಾಸ್ನಾನವಾಯಿತು. ಸ್ವತಃ ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತು ತನ್ನ ಹೆಸರನ್ನು ಕೊಟ್ಟಳು. ಗೌರಮ್ಮ ವಿಕ್ಟೋರಿಯಾ ಗೌರಮ್ಮಳಾದಳು. ಎಡೆಯೂರಿನ ಗದ್ದಿಗೆಗೆ, ಗುಬ್ಬಿಯ ಚನ್ನಬಸವೇಶ್ವರನ ಜಾತ್ರೆಗೆ ನಡೆದುಕೊಳ್ಳುವ ಮನೆತನದವರಿಗೆ ಈ ಮಾರ್ಪಾಟು ಎಷ್ಟು ದೊಡ್ಡದೆಂದು ಬಿಡಿಸಿ ಹೇಳಬೇಕಾಗಿಲ್ಲ. ಹನ್ನೊಂದು ವರ್ಷದ ಮಗುವಿಗೆ ಅದು ಎಷ್ಟು ತಿಳಿದಿದ್ದೀತು?

ಬಳಿಕ ಮಗುವನ್ನು ಆಂಗ್ಲ ದಂಪತಿಗಳ ಪೋಷಣೆಗೆ ಒಪ್ಪಿಸಲಾಯಿತು. ಅರಮನೆಗೆ ಆಕೆಯ ಮೇಲೆ ಅಕ್ಕರೆ ಇರಲಿಲ್ಲವೆನ್ನಲಾಗದು. ವಿಂಟರ್‌ಹಾಲ್ಟರ್ ಎಂಬ ಪ್ರಸಿದ್ಧ ಚಿತ್ರಕಾರನು ಆಕೆಯ ಚಿತ್ರವನ್ನು ಬರೆದನು. ಮಾರೊಕೆಟ್ಟಿ ಎಂಬ ಶಿಲ್ಪಿ ಅಮೃತಶಿಲೆಯಲ್ಲಿ ಆಕೆಯ ಮುಖವನ್ನು ಕಡೆದು ಬಣ್ಣ ಹಚ್ಚಿದನು. ಚಿತ್ರದಲ್ಲಿ ಆಕೆಗೆ ಭಾರತದ ಉಡುಗೆ, ಒಡವೆ. ನಮ್ಮ ಗುಬ್ಬಿ ಕಂಪನಿಯ ನಾಟಕಗಳಲ್ಲಿ ರಾಜಕುಮಾರಿಯ ಪಾತ್ರ ವಹಿಸಿದವರು ಪರದೆ ಬಿದ್ದ ಮೇಲೆ ವೇಷ ಕಳಚಿ ಮನೆಗೆ ಹೋಗಬಹುದಿತ್ತು. ಈ ಹುಡುಗಿಗೆ ಅಂತಹ ಹೊತ್ತು ಬಂದಂತೆ ತೋರುವುದಿಲ್ಲ.

ರಾಣಿಗೆ ಇನ್ನೊಂದು ಆಸೆಯಿತ್ತು. ಪಂಜಾಬಿನ ರಣಜಿತ್ ಸಿಂಹನ ಮಗ ದುಲೀಪ್ ಸಿಂಹನೂ ರಾಜ್ಯವನ್ನು ಕಳೆದುಕೊಂಡು, 1853ರಲ್ಲಿ ಕ್ರೈಸ್ತನಾಗಿ, ಮರುವರ್ಷ ಇಂಗ್ಲೆಂಡಿಗೆ ಬಂದಿದ್ದನು. ಇವರಿಬ್ಬರಿಗೂ ವಿವಾಹವಾದರೆ ಭಾರತಕ್ಕೆ ಮಾದರಿಯಾದ ಕ್ರೈಸ್ತ ಸಂಸಾರವೊಂದು ನಿಲ್ಲುವುದೆಂದು ಆಕೆ ಬಗೆದಳು. ದುಲೀಪನು ಒಪ್ಪಲಿಲ್ಲ. ನಾಡು, ನುಡಿ, ಹುಟ್ಟಿದ ಮತ ಯಾವುದರಲ್ಲಿಯೂ ಹೋಲಿಕೆಯಿಲ್ಲದ ಇಬ್ಬರನ್ನು ‘ಭಾರತೀಯರು’ ಎಂಬ ಒಂದೇ ಕಾರಣಕ್ಕೆ ಜೋಡಿಸಹೊರಟದ್ದು ವಿಚಿತ್ರವೇ ಸರಿ. ನಮ್ಮ ಜಾತಕ ನೋಡುವವರಾದರೂ ಇಷ್ಟು ಅವಸರಪಡುವುದಿಲ್ಲ.

1859ರಲ್ಲಿ ತಂದೆ ಲಂಡನ್ನಿನಲ್ಲಿಯೇ ತೀರಿಕೊಂಡನು; ಹಣ ಕೈಸೇರಲಿಲ್ಲ. ಮರುವರ್ಷ ಹತ್ತೊಂಬತ್ತರ ಗೌರಮ್ಮನಿಗೆ ಕರ್ನಲ್ ಜಾನ್ ಕ್ಯಾಂಬೆಲ್‌ನೊಡನೆ ವಿವಾಹವಾಯಿತು. ದುಲೀಪನನ್ನು ಸಾಕಿದ್ದ ಲಾಗಿನ್ ದಂಪತಿಗಳ ಮನೆಯಲ್ಲಿ ಆಕೆಯೂ ಕೆಲಕಾಲವಿದ್ದಳು. ವರನು ಆ ಮನೆಯೊಡತಿಯ ಸೋದರ, ವಧುವಿಗಿಂತ ಸುಮಾರು ಮೂವತ್ತು ವರ್ಷ ಹಿರಿಯ. 1861ರಲ್ಲಿ ಹೆಣ್ಣುಮಗುವಾಯಿತು. ಮಗುವಿಗೆ ಇಟ್ಟ ಹೆಸರು ಈಡಿತ್ ವಿಕ್ಟೋರಿಯಾ ಗೌರಮ್ಮ. ಆ ಮೂರನೆಯ ಹೆಸರನ್ನು ಗಮನಿಸಿರಿ. ಕಾಶಿಯಿಂದ ಬಂದುದರಲ್ಲಿ ತಾಯಿಯ ಬಳಿ ಉಳಿದಿದ್ದುದು ಬಹುಶಃ ಅದೊಂದೇ. ಅದನ್ನು ಮಗಳಿಗೆ ದಾಟಿಸಿದಳು.

ಕ್ಷಯವು ಆಕೆಯನ್ನು ಬಹುಕಾಲ ಬದುಕಗೊಡಲಿಲ್ಲ. 1864ರಲ್ಲಿ ಗೌರಮ್ಮ ಕಣ್ಣು ಮುಚ್ಚಿದಾಗ ಮಗುವಿಗೆ ಮೂರು ತುಂಬಿರಲಿಲ್ಲ. ಅದೇ ವರ್ಷದ ಜೂನ್ ತಿಂಗಳಿನಲ್ಲಿ ದುಲೀಪ್ ಸಿಂಹನು ಈಜಿಪ್ಟಿನಲ್ಲಿ ತಾನೇ ಆರಿಸಿದ ಕನ್ಯೆಯನ್ನು ವರಿಸಿದನು.

ನೀವು ಮಡಿಕೇರಿಗೆ ಹೋದಾಗ ಅರಮನೆಯನ್ನೂ ಓಂಕಾರೇಶ್ವರನನ್ನೂ ನೋಡಿ ಬರುತ್ತೀರಿ. ಊರ ಅಂಚಿನ ದಿಬ್ಬದ ಮೇಲೆ ಗುಮ್ಮಟಗಳುಳ್ಳ ಗದ್ದಿಗೆಗಳಿವೆ, ಅವನ್ನೂ ನೋಡಿರಿ. ದೊಡ್ಡವೀರರಾಜನೂ ಅವನ ರಾಣಿಯೂ ಅಲ್ಲಿದ್ದಾರೆ, ಲಿಂಗರಾಜನೂ ಇದ್ದಾನೆ. ಆ ಲಿಂಗರಾಜನ ಮೊಮ್ಮಗಳ ಸಮಾಧಿ ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿದೆ.