ತರಗತಿಯೂ ಸಾಲೂ: ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯಲ್ಲಿ ಜಾನಪದ ಬೋಧನೆ ಮತ್ತು ಅಧ್ಯಾಪಕರ ಆಕರಗಳು

ಜಾನಪದವು ಕನ್ನಡ ನಾಡಿನ ವಿಶ್ವವಿದ್ಯಾಲಯಗಳನ್ನು ಪ್ರವೇಶಿಸಿ ಅರ್ಧ ಶತಮಾನ ಸಂದಿದೆ. ಈ ಅವಧಿಯಲ್ಲಿ ಏನನ್ನು ಸಂಗ್ರಹಿಸಬೇಕು, ಸಂಗ್ರಹಿಸಿದ್ದನ್ನು ಹೇಗೆ ವರ್ಗೀಕರಿಸಬೇಕು, ಯಾವ ಸಿದ್ಧಾಂತದ ಬೆಳಕಿನಲ್ಲಿ ವಿಶ್ಲೇಷಿಸಬೇಕು ಎಂಬ ಚರ್ಚೆ ವಿಪುಲವಾಗಿ ನಡೆದಿದೆ. ಆದರೆ ಇದೆಲ್ಲವನ್ನೂ ತರಗತಿಯಲ್ಲಿ ನಿಂತು ಹೇಳಬೇಕಾದ ಅಧ್ಯಾಪಕರನ್ನು ಯಾವ ನೀತಿಗಳು ರೂಪಿಸುತ್ತವೆ, ಅವರ ಕೈಗೆ ಎಂಥ ಆಕರಗಳು ಎಟುಕುತ್ತವೆ ಎಂಬ ಪ್ರಶ್ನೆಗೆ ವಿದ್ವತ್ ವಲಯದ ಗಮನ ಅಷ್ಟಾಗಿ ಹರಿದಿಲ್ಲ. ಮಂಡ್ಯ, ಮದ್ದೂರು ಮತ್ತು ಮಳವಳ್ಳಿ ತಾಲ್ಲೂಕುಗಳ ಸೀಮೆಯನ್ನು ನಿದರ್ಶನವಾಗಿ ಇಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಈ ಸೀಮೆಯಲ್ಲಿ ಪಠ್ಯವೂ, ಪಠ್ಯದ ಸ್ಥಳವೂ, ಅದನ್ನು ಹಾಡುವವರೂ, ಅದನ್ನು ಕಲಿಸುವ ಕಾಲೇಜುಗಳೂ ಒಂದು ದಿನದಲ್ಲಿ ಹೋಗಿ ಬರಬಹುದಾದ ದೂರದಲ್ಲಿವೆ. ಇಷ್ಟು ಹತ್ತಿರವಿದ್ದೂ ಇವು ಒಂದನ್ನೊಂದು ಸಂಧಿಸುವುದು ಅಪರೂಪ ಎಂಬುದೇ ಇಲ್ಲಿಯ ಸಮಸ್ಯೆ.

ಸೀಮೆಯ ಹಿನ್ನೆಲೆ

ಕಾವೇರಿ ನಾಲೆಗಳಿಂದ ಹಸಿರಾದ ಈ ಪ್ರದೇಶವನ್ನು ಹೊರಗಿನವರು ಕಬ್ಬು, ಭತ್ತ, ಬೆಲ್ಲಗಳ ನಾಡೆಂದು ಬಲ್ಲರು. ಜಾನಪದ ವಿದ್ವಾಂಸರಿಗೆ ಇದು ಸೋಮನ ಕುಣಿತ, ಪೂಜಾ ಕುಣಿತ, ಕೋಲಾಟ, ಸೋಬಾನೆ, ತತ್ವಪದಗಳ ಸೀಮೆ. ಎಲ್ಲಕ್ಕಿಂತ ಮಿಗಿಲಾಗಿ ಮಂಟೇಸ್ವಾಮಿ ಪರಂಪರೆಯ ಸೀಮೆ. ಮಂಟೇಸ್ವಾಮಿಯ ಗದ್ದುಗೆ ಇರುವ ಬೊಪ್ಪೇಗೌಡನಪುರ ಮಳವಳ್ಳಿ ತಾಲ್ಲೂಕಿನಲ್ಲಿದೆ. ಮುಂದೆ ಸಿದ್ಧಪ್ಪಾಜಿಯಾಗುವ ಕೆಂಪಾಚಾರಿಯ ಹುಟ್ಟೂರು ನಿಡುಘಟ್ಟ ಮದ್ದೂರು ತಾಲ್ಲೂಕಿನದು. ಆತ ಕಬ್ಬಿಣದ ಭಿಕ್ಷೆ ಕೇಳಲು ಹೋದ ಹಲಗೂರು ಮತ್ತೆ ಮಳವಳ್ಳಿ ತಾಲ್ಲೂಕಿಗೇ ಸೇರಿದೆ. ಕಾವ್ಯದ ಭೂಪಟ ಮತ್ತು ಕಂದಾಯ ಇಲಾಖೆಯ ಭೂಪಟ ಇಷ್ಟು ನಿಕಟವಾಗಿ ಒಂದಾಗುವ ಪ್ರದೇಶಗಳು ವಿರಳ.

ಕನ್ನಡ ಜಾನಪದ ಅಧ್ಯಯನದ ಇಬ್ಬರು ಪ್ರಮುಖರು ಇದೇ ಜಿಲ್ಲೆಯ ನಾಗಮಂಗಲ ತಾಲ್ಲೂಕಿನವರೆಂಬುದೂ ಗಮನಾರ್ಹ. ಅಂಬಲಜೀರಹಳ್ಳಿಯಲ್ಲಿ ಹುಟ್ಟಿದ ಜೀ.ಶಂ. ಪರಮಶಿವಯ್ಯ (1933–1995) ವಿಶ್ವವಿದ್ಯಾಲಯದೊಳಗಿದ್ದು ಜಾನಪದಕ್ಕೆ ಶಾಸ್ತ್ರೀಯ ನೆಲೆ ಒದಗಿಸಿದರು. ಹೆರಗನಹಳ್ಳಿಯ ಎಚ್.ಎಲ್. ನಾಗೇಗೌಡ (1915–2005) ಆಡಳಿತಾಧಿಕಾರಿಯಾಗಿದ್ದು, 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನೂ 1994ರಲ್ಲಿ ರಾಮನಗರದ ಬಳಿ ಜಾನಪದ ಲೋಕವನ್ನೂ ಕಟ್ಟಿದರು. ಒಬ್ಬರು ವಿಶ್ವವಿದ್ಯಾಲಯದ ಒಳಗಿನಿಂದ, ಇನ್ನೊಬ್ಬರು ಹೊರಗಿನಿಂದ ಮಾಡಿದ ಈ ಕೆಲಸಗಳು ಇಂದಿಗೂ ಜಾನಪದ ಅಧ್ಯಾಪಕರ ಎರಡು ಮುಖ್ಯ ಆಸರೆಗಳಾಗಿವೆ.

ವಿಶ್ವವಿದ್ಯಾಲಯದಲ್ಲಿ ಜಾನಪದ

1916ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾಲಯದಲ್ಲಿ 1966ರಲ್ಲಿ ಕನ್ನಡ ಅಧ್ಯಯನ ಸಂಸ್ಥೆ ರೂಪುಗೊಂಡಿತು. ದೇ. ಜವರೇಗೌಡರ ನೇತೃತ್ವದಲ್ಲಿ ಜಾನಪದಕ್ಕೆ ಅಲ್ಲಿ ಪ್ರತ್ಯೇಕ ಸ್ಥಾನ ದೊರೆಯಿತು. ಜೀ.ಶಂ.ಪ., ಪಿ.ಆರ್. ತಿಪ್ಪೇಸ್ವಾಮಿ ಮೊದಲಾದವರು ಹಳ್ಳಿ ಹಳ್ಳಿ ಸುತ್ತಿ ತಂದ ಸಾಮಗ್ರಿಗಳಿಂದ ಜಾನಪದ ವಸ್ತುಸಂಗ್ರಹಾಲಯ ಬೆಳೆಯಿತು; ಮಾನಸಗಂಗೋತ್ರಿಯ ಜಯಲಕ್ಷ್ಮಿವಿಲಾಸ ಅರಮನೆಯಲ್ಲಿ ನೆಲೆಗೊಂಡ ಅದರ ವಸ್ತುಗಳು ಆರು ಸಾವಿರಕ್ಕೂ ಹೆಚ್ಚು. ಈ ಪೀಳಿಗೆಯ ಅಧ್ಯಾಪಕರಿಗೆ ಕ್ಷೇತ್ರಕಾರ್ಯ ಮತ್ತು ಬೋಧನೆ ಬೇರೆ ಬೇರೆಯಾಗಿರಲಿಲ್ಲ. ಬೇಸಿಗೆಯಲ್ಲಿ ಸಂಗ್ರಹಿಸಿದ್ದು ಮಳೆಗಾಲದ ತರಗತಿಯಲ್ಲಿ ಪಾಠವಾಗುತ್ತಿತ್ತು. 1973ರಲ್ಲಿ ಪಿ.ಕೆ. ರಾಜಶೇಖರ ಅವರ ‘ಮಲೆಯ ಮಾದೇಶ್ವರ’, ಮುಂದೆ 1990ರ ದಶಕದಲ್ಲಿ ಹಿ.ಚಿ. ಬೋರಲಿಂಗಯ್ಯ ಅವರ ಸಂಪಾದನೆಯಲ್ಲಿ ಮಂಟೇಸ್ವಾಮಿ ಮಹಾಕಾವ್ಯ ಅಚ್ಚಾದವು. 2011ರಲ್ಲಿ ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದಕ್ಕೆಂದೇ ಒಂದು ವಿಶ್ವವಿದ್ಯಾಲಯ ಸ್ಥಾಪನೆಯಾಯಿತು.

ಇವೆಲ್ಲ ನಿಸ್ಸಂದೇಹವಾಗಿ ಸಾಧನೆಗಳೇ. ಆದರೆ ಇವುಗಳ ಮತ್ತೊಂದು ಪರಿಣಾಮವೂ ಇದೆ. ಕಾವ್ಯ ಅಚ್ಚಾದ ಮೇಲೆ ಅಧ್ಯಾಪಕರು ಗಾಯಕನನ್ನು ಕಾಣದೆಯೇ ಪಾಠ ಮಾಡುವುದು ಸಾಧ್ಯವಾಯಿತು. ಮುಂದೆ ಅದೇ ವಾಡಿಕೆಯಾಯಿತು.

ನೀತಿ ಎಣಿಸುವ ಗಂಟೆಗಳು

1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಿಗೆ ವಿಶ್ವವಿದ್ಯಾಲಯ ಅನುದಾನ ಆಯೋಗವು ಅಕಾಡೆಮಿಕ್ ಸ್ಟಾಫ್ ಕಾಲೇಜುಗಳ ಯೋಜನೆಯನ್ನು ಜಾರಿಗೆ ತಂದಿತು. ಹೊಸದಾಗಿ ಸೇರಿದವರಿಗೆ ಓರಿಯೆಂಟೇಷನ್, ಅನುಭವಿಗಳಿಗೆ ಪುನಶ್ಚೇತನ ಶಿಬಿರ ಎಂಬ ಕ್ರಮ ಅಲ್ಲಿಂದ ನೆಲೆಗೊಂಡಿತು. ಈ ಕೇಂದ್ರಗಳು 2015ರಲ್ಲಿ ಮಾನವ ಸಂಪನ್ಮೂಲ ಅಭಿವೃದ್ಧಿ ಕೇಂದ್ರಗಳಾದವು. 2023ರಲ್ಲಿ ಮಾಳವೀಯ ಮಿಷನ್ ಶಿಕ್ಷಕ ತರಬೇತಿ ಕೇಂದ್ರಗಳೆಂಬ ಹೆಸರು ಪಡೆದವು. ಹೆಸರು ಎರಡು ಸಲ ಬದಲಾದರೂ ತರಬೇತಿಯ ಮೂಲ ಕಲ್ಪನೆ ಬದಲಾಗಲಿಲ್ಲ. ಅಧ್ಯಾಪಕರು ತಮ್ಮ ಊರು ಬಿಟ್ಟು, ಅಥವಾ ಇತ್ತೀಚೆಗೆ ಗಣಕಯಂತ್ರದ ಮುಂದೆ ಕುಳಿತು, ಉಪನ್ಯಾಸಗಳನ್ನು ಕೇಳುವುದೇ ಅದರ ಸ್ವರೂಪ. ವಿಜ್ಞಾನದ ಅಧ್ಯಾಪಕರಿಗೆ ಪ್ರಯೋಗಶಾಲೆ ಹೇಗೋ ಜಾನಪದದ ಅಧ್ಯಾಪಕರಿಗೆ ಕ್ಷೇತ್ರ ಹಾಗೆ ಎಂಬ ಅರಿವು ಈ ವ್ಯವಸ್ಥೆಯಲ್ಲಿ ಗಟ್ಟಿಯಾಗಿ ಬೇರೂರಲಿಲ್ಲ.

ಆಯೋಗದ 2010 ಮತ್ತು 2018ರ ನಿಯಮಾವಳಿಗಳು ಅಧ್ಯಾಪಕರ ಕಾರ್ಯಭಾರವನ್ನು ವಾರಕ್ಕೆ 40 ಗಂಟೆಗೆ ಕಡಿಮೆಯಿಲ್ಲದಂತೆ ನಿಗದಿಪಡಿಸಿವೆ. ಅದರಲ್ಲಿ ನೇರ ಬೋಧನೆ ಸಹಾಯಕ ಪ್ರಾಧ್ಯಾಪಕರಿಗೆ 16 ಗಂಟೆ, ಸಹ ಪ್ರಾಧ್ಯಾಪಕರು ಮತ್ತು ಪ್ರಾಧ್ಯಾಪಕರಿಗೆ 14 ಗಂಟೆ. 2018ರ ನಿಯಮಾವಳಿಯಂತೆ, ವಹಿಸಿದ ತರಗತಿಗಳಲ್ಲಿ ಶೇಕಡ 80ನ್ನು ತೆಗೆದುಕೊಂಡವರ ಬೋಧನೆಗೆ ಉತ್ತಮವೆಂಬ ದರ್ಜೆ ಸಿಗುತ್ತದೆ. ಶೇಕಡ 70ಕ್ಕಿಂತ ಕಡಿಮೆಯಾದರೆ ಅದು ತೃಪ್ತಿಕರವಲ್ಲ. ಅಧ್ಯಾಪಕರು ತರಗತಿಗೆ ತಪ್ಪದೆ ಹೋಗಬೇಕೆಂಬ ಆಶಯ ಸರಿಯಾದದ್ದೇ. ಆದರೆ ನೀಲಗಾರರ ಕಥೆ ಆರಂಭವಾಗುವುದು ರಾತ್ರಿ ಊಟವಾದ ಮೇಲೆ. ಮುಗಿಯುವುದು ಕೋಳಿ ಕೂಗುವ ಹೊತ್ತಿಗೆ. ಅಂಥ ಒಂದು ರಾತ್ರಿ ವಿದ್ಯಾರ್ಥಿಗಳೊಡನೆ ಕುಳಿತ ಅಧ್ಯಾಪಕರ ಆ ಎಂಟು ಗಂಟೆಗಳಿಗೆ ವೇಳಾಪಟ್ಟಿಯಲ್ಲಿ ಕಾಲಂ ಇಲ್ಲ. ವಿಸ್ತರಣಾ ಚಟುವಟಿಕೆ ಎಂಬ ಶೀರ್ಷಿಕೆಯಡಿ ಅದನ್ನು ನಮೂದಿಸಬಹುದಾದರೂ ಬೋಧನೆಯೆಂದು ಎಣಿಸಲು ಬಾರದು. ಮರುದಿನ ಬೆಳಗಿನ ತರಗತಿಯನ್ನು ತಪ್ಪಿಸಿದರೆ ಮಾತ್ರ ಅದು ಲೆಕ್ಕಕ್ಕೆ ಬರುತ್ತದೆ.

ಕಾಲೇಜು ಅಧ್ಯಾಪಕರಿಗೆ ಕ್ಷೇತ್ರಕಾರ್ಯಕ್ಕೆ ಸ್ವಲ್ಪಮಟ್ಟಿಗೆ ನೆರವಾಗುತ್ತಿದ್ದುದು ಆಯೋಗದ ಕಿರು ಸಂಶೋಧನಾ ಯೋಜನೆ. ಬಸ್ಸಿನ ವೆಚ್ಚ, ಧ್ವನಿಮುದ್ರಣ ಯಂತ್ರ, ಕಲಾವಿದರಿಗೆ ಸಂಭಾವನೆ ಇವನ್ನು ಅದರಲ್ಲಿ ತೋರಿಸಬಹುದಾಗಿತ್ತು. 12ನೇ ಪಂಚವಾರ್ಷಿಕ ಯೋಜನೆ 2017ರಲ್ಲಿ ಮುಗಿದ ಬಳಿಕ ಆ ದಾರಿಯೂ ಕಿರಿದಾಯಿತು.

ನೀಲಗಾರರ ಕಲಿಕೆಯ ಕ್ರಮ

ಬೋಧನೆಯ ನೀತಿ ಎಂಬುದು ವಿಶ್ವವಿದ್ಯಾಲಯಗಳ ಸ್ವತ್ತಲ್ಲ. ಮಂಟೇಸ್ವಾಮಿ ಪರಂಪರೆಗೆ ತನ್ನದೇ ಆದ ಕಲಿಕೆಯ ಕ್ರಮವಿದೆ. ಹರಕೆ ಹೊತ್ತ ಮನೆಯವರು ಮಗನನ್ನು ಸ್ವಾಮಿಗೆ ಒಪ್ಪಿಸುತ್ತಾರೆ. ಗುರುವಿನಿಂದ ದೀಕ್ಷೆ ಪಡೆದ ಮೇಲೆ ಆತ ನೀಲಗಾರ. ಆದರೆ ದೀಕ್ಷೆಯಾದ ಮಾತ್ರಕ್ಕೆ ಹಾಡುವ ಅರ್ಹತೆ ಬರುವುದಿಲ್ಲ. ಮೊದಲು ಹಿರಿಯ ಗಾಯಕನ ಹಿಮ್ಮೇಳದಲ್ಲಿ ಕುಳಿತು ಸೊಲ್ಲು ಹಿಡಿಯಬೇಕು. ತಾಳ, ದಮ್ಮಡಿ, ಗಗ್ಗರಗಳ ಲಯ ಕೈಗೆ ಹತ್ತಬೇಕು. ಸೊಲ್ಲು ಹಿಡಿಯುತ್ತಲೇ ಕಥೆಯ ನಡೆ ಮನಸ್ಸಿಗೆ ಇಳಿಯುತ್ತದೆ. ತಂಬೂರಿ ಕೈಗೆ ಬರುವುದು ಕೊನೆಗೆ.

ಕಾವ್ಯವನ್ನು ನೀಲಗಾರರು ‘ಸಾಲು’ಗಳಾಗಿ ವಿಂಗಡಿಸಿಕೊಂಡಿದ್ದಾರೆ. ಕಲ್ಯಾಣದ ಸಾಲು, ಬೊಪ್ಪೇಗೌಡನಪುರದ ಸಾಲು, ಹಲಗೂರು ಸಾಲು, ಚಿಕ್ಕಲ್ಲೂರು ಸಾಲು ಇತ್ಯಾದಿಯಾಗಿ ಒಂದೊಂದೂ ಸ್ಥಳಕ್ಕೆ ಅಂಟಿಕೊಂಡ ಸ್ವಯಂಪೂರ್ಣ ಘಟಕ. ಆಧುನಿಕ ಪಠ್ಯಕ್ರಮದ ಭಾಷೆಯಲ್ಲಿ ಹೇಳುವುದಾದರೆ ಇದು ಸಿದ್ಧವಾದ ಪಾಠವಿಂಗಡಣೆಯೇ ಆಗಿದೆ. ಕೇಳುಗರ ಅಪೇಕ್ಷೆ, ಸಂದರ್ಭ, ಸಮಯಗಳನ್ನು ನೋಡಿ ಸಾಲನ್ನು ಹಿಗ್ಗಿಸುವ, ಕುಗ್ಗಿಸುವ ಸ್ವಾತಂತ್ರ್ಯ ಗಾಯಕನಿಗಿದೆ. ಕೇಳುತ್ತ ಕಲಿಯುವುದು, ಜೊತೆಗೆ ಹಾಡುತ್ತ ತಿದ್ದಿಕೊಳ್ಳುವುದು, ಕೇಳುಗರ ಮುಂದೆಯೇ ಪರೀಕ್ಷೆಗೆ ಒಳಗಾಗುವುದು ಎಂಬ ಮೂರು ಹಂತಗಳು ಇಲ್ಲಿ ಸ್ಪಷ್ಟ. ಹೊಸ ಅಧ್ಯಾಪಕರಿಗೆ ಹಿರಿಯ ಅಧ್ಯಾಪಕರ ಜೊತೆಗಿದ್ದು ಕಲಿಯುವ ಇಂಥ ‘ಹಿಮ್ಮೇಳದ ಕಾಲ’ ಇಲ್ಲ. ನೇಮಕವಾದ ದಿನವೇ ಅವರ ಕೈಗೆ ತಂಬೂರಿ ಬರುತ್ತದೆ.

ತರಗತಿಯಲ್ಲಿ ಹಲಗೂರು ಸಾಲು

ಅಧ್ಯಾಪಕರಿಗೆ ಆಸರೆ ಏಕೆ ಬೇಕೆಂಬುದಕ್ಕೆ ಹಲಗೂರು ಸಾಲಿನ ಪಾಠವೇ ಉತ್ತಮ ನಿದರ್ಶನ. ಮಂಟೇಸ್ವಾಮಿಯ ಆಣತಿಯಂತೆ ಸಿದ್ಧಪ್ಪಾಜಿ ಹಲಗೂರಿನ ಪಾಂಚಾಳರ ಬಳಿ ಕಬ್ಬಿಣದ ಭಿಕ್ಷೆ ಬೇಡುತ್ತಾನೆ. ಅವರು ಕೊಡಲೊಪ್ಪುವುದಿಲ್ಲ. ಕಠಿಣ ಪರೀಕ್ಷೆಗಳಿಗೆ ಅವನನ್ನು ಒಡ್ಡುತ್ತಾರೆ. ಆತ ಎಲ್ಲವನ್ನೂ ಗೆಲ್ಲುತ್ತಾನೆ. ಸಿದ್ಧಪ್ಪಾಜಿ ಸ್ವತಃ ಪಾಂಚಾಳರ ಮನೆಯ ಮಗ ಎಂಬುದು ಈ ಪ್ರಸಂಗಕ್ಕೆ ಅಸಾಧಾರಣ ತೀವ್ರತೆ ತಂದಿದೆ. ತನ್ನ ಕುಲದವರ ಬಳಿಯೇ ತನ್ನ ಕುಲದ ಲೋಹವನ್ನು ಬೇಡಿ ನಿಲ್ಲುವ ಶಿಷ್ಯನ ಕಥೆಯಿದು.

ಮುದ್ರಿತ ಪಠ್ಯವನ್ನು ಮಾತ್ರ ಬಲ್ಲ ಅಧ್ಯಾಪಕರು ಇದನ್ನು ಪವಾಡ ಕಥೆಯೆಂದೋ ಜಾತಿ ಸಂಘರ್ಷದ ಕಥೆಯೆಂದೋ ಒಂದೇ ಮಾತಿನಲ್ಲಿ ಮುಗಿಸುವ ಅಪಾಯವಿದೆ. ಇದೇ ಸೀಮೆಯ ತರಗತಿಯಲ್ಲಿ ಪಾಂಚಾಳ ಮನೆತನದ ವಿದ್ಯಾರ್ಥಿಯೂ ಇರಬಹುದು, ನೀಲಗಾರರ ಮೊಮ್ಮಗಳೂ ಇರಬಹುದು. ಒಬ್ಬರಿಗೆ ತಮ್ಮ ಕುಲವನ್ನು ದೂಷಿಸಿದಂತೆಯೂ, ಇನ್ನೊಬ್ಬರಿಗೆ ಭಿಕ್ಷೆ ಬೇಡಿ ಹಾಡುವ ಅಜ್ಜನ ವೃತ್ತಿಯನ್ನು ಎಲ್ಲರೆದುರು ಬಯಲಿಗಿಟ್ಟಂತೆಯೂ ಭಾಸವಾದರೆ ಪಾಠ ಸೋತಂತೆಯೇ. ನೀಲಗಾರರಲ್ಲಿ ಭಿಕ್ಷೆ ಎಂಬುದು ಬಡತನದ ಗುರುತಲ್ಲ, ಅಹಂಕಾರವನ್ನು ಕಳೆಯುವ ದೀಕ್ಷಾಕ್ರಮ ಎಂಬುದನ್ನು ಪುಸ್ತಕಕ್ಕಿಂತ ಸ್ಪಷ್ಟವಾಗಿ ಹೇಳಬಲ್ಲವನು ಭಿಕ್ಷೆ ಬೇಡಿದ ನೀಲಗಾರನೇ. ಆ ಮಾತನ್ನು ತನ್ನ ಅಜ್ಜನ ಬಾಯಿಂದ ತರಗತಿಯಲ್ಲಿ ಕೇಳಿದ ವಿದ್ಯಾರ್ಥಿನಿಗೆ ತಲೆತಗ್ಗಿಸುವ ಕಾರಣ ಉಳಿಯುವುದಿಲ್ಲ. ಸಮುದಾಯಗಳ ಕಥನವನ್ನು ಆ ಸಮುದಾಯದ ಮಕ್ಕಳ ಎದುರಿಗೇ ಹೇಗೆ ಕಲಿಸಬೇಕು ಎಂಬುದು ಪುನಶ್ಚೇತನ ಶಿಬಿರಗಳ ಮುಖ್ಯ ವಿಷಯವಾಗಬೇಕು.

ಲಭ್ಯವಿರುವ ಆಕರಗಳು

ಈ ಸೀಮೆಯ ಅಧ್ಯಾಪಕರಿಗೆ ಆಕರಗಳ ಕೊರತೆ ಇದೆ ಎನ್ನುವುದಕ್ಕಿಂತ ಅವು ಚದುರಿವೆ ಎನ್ನುವುದು ಸರಿ. ಚಂದ್ರಶೇಖರ ಕಂಬಾರರ ಸಂಪಾದಕತ್ವದ ‘ಕನ್ನಡ ಜಾನಪದ ವಿಶ್ವಕೋಶ’ (1985) ಇಂದಿಗೂ ಪ್ರಾಥಮಿಕ ಪರಾಮರ್ಶನ ಗ್ರಂಥ. ಬೆಂಗಳೂರು–ಮೈಸೂರು ಹೆದ್ದಾರಿಯ ಜಾನಪದ ಲೋಕದಲ್ಲಿ ವಸ್ತುಸಂಗ್ರಹದೊಂದಿಗೆ ಧ್ವನಿ ಮತ್ತು ದೃಶ್ಯ ದಾಖಲೆಗಳಿವೆ. ಮಳವಳ್ಳಿ ಮಹದೇವಸ್ವಾಮಿ ಅವರ ಕಥನಗಾಯನದ ಧ್ವನಿಸುರುಳಿಗಳು ಈ ಭಾಗದ ಮನೆಮನೆಗಳಲ್ಲಿ ಕೇಳಿಬಂದಿವೆ. ಅವನ್ನು ಪಠ್ಯವೆಂದು ಪರಿಗಣಿಸಿ ಮುದ್ರಿತ ಪಾಠದೊಡನೆ ಹೋಲಿಸುವ ಅಭ್ಯಾಸ ತರಗತಿಗಳಲ್ಲಿ ಬೆಳೆಯಬೇಕಾಗಿದೆ. ಮಂಡ್ಯದಲ್ಲಿ 1948ರಲ್ಲಿ ಆರಂಭವಾದ ಸರ್ಕಾರಿ ಕಾಲೇಜೇ 2019ರಲ್ಲಿ ವಿಶ್ವವಿದ್ಯಾಲಯವಾಗಿ ಮಾರ್ಪಟ್ಟಿರುವುದರಿಂದ ಈ ಚದುರಿದ ಆಕರಗಳ ಪ್ರತಿಗಳನ್ನು ಒಂದೆಡೆ ತರುವ ನೆಲೆಯೊಂದು ಜಿಲ್ಲೆಯೊಳಗೇ ದೊರೆತಂತಾಗಿದೆ.

ಜೀವಂತ ಆಕರವಾದ ಕಲಾವಿದರನ್ನು ಕಾಲೇಜಿಗೆ ಕರೆತರಲು ಈಗ ನಿಯಮದ ಬೆಂಬಲವೂ ಇದೆ. 2022ರಲ್ಲಿ ಆಯೋಗವು ‘ಪ್ರೊಫೆಸರ್ ಆಫ್ ಪ್ರಾಕ್ಟೀಸ್’ ಮಾರ್ಗಸೂಚಿಯಲ್ಲಿ ಔಪಚಾರಿಕ ಪದವಿಯ ಷರತ್ತನ್ನು ಸಡಿಲಿಸಿತು. ಇಂಥವರ ಸಂಖ್ಯೆ ಮಂಜೂರಾದ ಹುದ್ದೆಗಳ ಶೇಕಡ 10ನ್ನು ಮೀರಬಾರದು. 2023ರಲ್ಲಿ ಕಲಾವಿದರು ಮತ್ತು ಕುಶಲಕರ್ಮಿಗಳನ್ನು ವಿದ್ಯಾಸಂಸ್ಥೆಗಳಲ್ಲಿ ನಿವಾಸಿ ಕಲಾಗುರುಗಳನ್ನಾಗಿ ನೇಮಿಸಿಕೊಳ್ಳುವ ಪ್ರತ್ಯೇಕ ಮಾರ್ಗಸೂಚಿಯೂ ಬಂದಿತು. ಅಕ್ಷರ ಬಾರದ ನೀಲಗಾರನೊಬ್ಬ ಅಧ್ಯಾಪಕನ ಪಕ್ಕದಲ್ಲಿ ಗುರುವಾಗಿ ಕೂರಲು ಕಾಗದದ ಮೇಲಂತೂ ಈಗ ಅಡ್ಡಿಯಿಲ್ಲ. ಅದನ್ನು ಕಾರ್ಯರೂಪಕ್ಕೆ ತರಬೇಕಾದವರು ಯಾರು ಎಂಬ ಪ್ರಶ್ನೆ ಉಳಿಯುತ್ತದೆ.

ಅತಿಥಿ ಉಪನ್ಯಾಸಕರ ಪ್ರಶ್ನೆ

ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಬೋಧನೆಯ ದೊಡ್ಡ ಪಾಲನ್ನು ಹೊತ್ತವರು ಅತಿಥಿ ಉಪನ್ಯಾಸಕರು. 2022ರ ಜನವರಿಯಲ್ಲಿ ರಾಜ್ಯ ಸರ್ಕಾರ ಅವರ ಗೌರವಧನವನ್ನು ಅರ್ಹತೆ ಮತ್ತು ಸೇವಾವಧಿಗೆ ಅನುಗುಣವಾಗಿ 26,000ದಿಂದ 32,000 ರೂಪಾಯಿಗಳವರೆಗೆ ಏರಿಸಿ, ಕಾರ್ಯಭಾರವನ್ನು ವಾರಕ್ಕೆ 15 ಗಂಟೆಗೆ ಹೆಚ್ಚಿಸಿತು. 2024ರಲ್ಲಿ ಗೌರವಧನ ಮತ್ತೆ ಏರಿತು. ಆದರೂ ವರ್ಷದಿಂದ ವರ್ಷಕ್ಕೆ ನವೀಕರಣವಾಗಬೇಕಾದ ನೇಮಕದಲ್ಲಿ ದೀರ್ಘಕಾಲದ ಕ್ಷೇತ್ರಕಾರ್ಯ ಕಷ್ಟಸಾಧ್ಯ. ಗಾಯಕರೊಡನೆ ನಂಬಿಕೆಯ ಸಂಬಂಧ ಬೆಳೆಯಲು ಕೆಲವು ವರ್ಷಗಳೇ ಬೇಕು. ಮುಂದಿನ ವರ್ಷ ಯಾವ ಊರಿನ ಕಾಲೇಜೋ ಎಂಬ ಅನಿಶ್ಚಿತತೆಯಲ್ಲಿರುವವರಿಂದ ಅದನ್ನು ನಿರೀಕ್ಷಿಸುವುದು ನ್ಯಾಯವಲ್ಲ. ಪಠ್ಯಕ್ರಮದ ಅಸ್ಥಿರತೆಯೂ ಇದಕ್ಕೆ ಸೇರಿದೆ. 2021–22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ರೂಪಿಸಿದ ಪದವಿ ಚೌಕಟ್ಟನ್ನು 2024–25ರಿಂದ ಕೈಬಿಟ್ಟು ಮೂರು ವರ್ಷದ ಪದವಿಗೆ ಮರಳಲಾಯಿತು. ಪ್ರತಿ ಬದಲಾವಣೆಯಲ್ಲೂ ಅಧ್ಯಾಪಕರು ಟಿಪ್ಪಣಿಗಳನ್ನು ಹೊಸದಾಗಿ ಸಿದ್ಧಪಡಿಸಬೇಕಾಗುತ್ತದೆ.

ಉಪಸಂಹಾರ

ಮೇಲಿನ ಪರಿಶೀಲನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಜಾನಪದ ವಿಷಯದಲ್ಲಿ ಕ್ಷೇತ್ರದ ಗಂಟೆಗಳನ್ನು ಬೋಧನೆಯ ಗಂಟೆಗಳೆಂದು ಎಣಿಸುವ ವಿನಾಯಿತಿ ಅಗತ್ಯ. ಪುನಶ್ಚೇತನ ಶಿಬಿರದ ಕೆಲವು ದಿನಗಳಾದರೂ ಬೊಪ್ಪೇಗೌಡನಪುರ, ನಿಡುಘಟ್ಟ, ಹಲಗೂರಿನಂಥ ಸ್ಥಳಗಳಲ್ಲಿ ಕಲಾವಿದರ ಸಮ್ಮುಖದಲ್ಲಿ ನಡೆಯಬೇಕು. ನಿವಾಸಿ ಕಲಾಗುರುಗಳ ಮಾರ್ಗಸೂಚಿಯನ್ನು ಜಿಲ್ಲಾ ಮಟ್ಟದಲ್ಲಿ ಹಲವು ಕಾಲೇಜುಗಳು ಸೇರಿ ಬಳಸಿಕೊಂಡರೆ ವೆಚ್ಚ ಹಂಚಿಹೋಗುತ್ತದೆ. ಅತಿಥಿ ಉಪನ್ಯಾಸಕರಿಗೂ ಈ ಸೌಲಭ್ಯಗಳು ಸಮಾನವಾಗಿ ದೊರೆಯಬೇಕು. ಅಕಾಡೆಮಿಯು ಕಲಾವಿದರನ್ನು ಗೌರವಿಸುವುದರ ಜೊತೆಗೆ ಅವರನ್ನೂ ಅಧ್ಯಾಪಕರನ್ನೂ ಒಂದೆಡೆ ಸೇರಿಸುವ ಹೊಣೆಯನ್ನು ಹೊತ್ತರೆ ಇವೆಲ್ಲಕ್ಕೂ ಒಂದು ನಡೆ ಸಿಗುತ್ತದೆ.

ಸಾಲು ಬಲ್ಲ ಹಿರಿಯರು ವರ್ಷಕ್ಕೊಬ್ಬರಂತೆ ಕಡಿಮೆಯಾಗುತ್ತಿರುವಾಗ ಇದಕ್ಕೆ ಅನಿರ್ದಿಷ್ಟ ಕಾಲಾವಕಾಶವಿಲ್ಲ. ಮುದ್ರಿತ ಕಾವ್ಯ ಗ್ರಂಥಾಲಯದಲ್ಲಿ ಉಳಿಯುತ್ತದೆ. ಹಾಡುವವನು ಉಸಿರು ತೆಗೆದುಕೊಳ್ಳುವಾಗ ಸೊಲ್ಲು ಹಿಡಿದು ಕಥೆಯನ್ನು ಮುಂದಕ್ಕೆ ಒಯ್ಯುವುದು ಹೇಗೆ ಎಂಬುದು ಮಾತ್ರ ಅವನ ಹಿಂದೆ ಕುಳಿತವರಿಗಷ್ಟೇ ತಿಳಿದಿರುತ್ತದೆ. ಅಲ್ಲಿ ಒಬ್ಬ ಅಧ್ಯಾಪಕನಿಗೂ ಜಾಗವಿರುವಂತೆ ನೋಡಿಕೊಳ್ಳುವುದು ವಿಶ್ವವಿದ್ಯಾಲಯದ ಕೆಲಸ.